ತಿಳಿಯಾದ ಮೇಲೆ ತಂದ ಮೂತ್ರ

ಗುರುವಾರ ಬಂತೆಂದರೆ ಅಕ್ಕಲಕೋಟೆಯ ನಮ್ಮ ಲ್ಯಾಬಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಬಂದ ಹಳ್ಳಿಯವರು ಅದೇ ಸುತ್ತಿನಲ್ಲಿ ದವಾಖಾನೆಯನ್ನೂ ಮುಗಿಸುತ್ತಾರೆ, ಚೀಟಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಾರೆ. ಶ್ರಾವಣದ ಅಂಥದೊಂದು ಗುರುವಾರ ನಾನೊಬ್ಬಳೇ ಇದ್ದೆ. ಜೊತೆಯವಳು ಹೆರಿಗೆ ರಜೆಯ ಮೇಲೆ ಹೋಗಿ ಎರಡು ತಿಂಗಳಾಗಿತ್ತು, ಅವಳ ಜಾಗಕ್ಕೆ ಯಾರೂ ಬಂದಿರಲಿಲ್ಲ. ಸೊಲ್ಲಾಪುರದ ಮನೆಯಿಂದ ಬಸ್ಸಿನಲ್ಲಿ ನಿಂತೇ ಬಂದ ನಾನು ಮಧ್ಯಾಹ್ನದವರೆಗೂ ಕೂತಿರಲಿಲ್ಲ. ಮೇಜಿನ ಮೇಲೆ ಅರವತ್ತಕ್ಕೂ ಹೆಚ್ಚು ಮೂತ್ರದ ಬಾಟಲಿಗಳು ಸಾಲಾಗಿ ಕೂತಿದ್ದವು.

ಮೂತ್ರ ಪರೀಕ್ಷೆ ದೊಡ್ಡ ವಿದ್ಯೆಯೇನಲ್ಲ. ಮೊದಲು ಬಣ್ಣ ನೋಡಬೇಕು. ಆಮೇಲೆ ಬಣ್ಣದ ಚೌಕಗಳಿರುವ ಪಟ್ಟಿಯನ್ನು ಅದ್ದಿ ತೆಗೆದು ಕಾಯಬೇಕು. ಸಕ್ಕರೆಯ ಚೌಕ ಬೇಗ ಹೇಳಿಬಿಡುತ್ತದೆ, ರಕ್ತವಿದ್ದರೆ ಹಳದಿಯಿಂದ ಹಸಿರಾಗುವ ಚೌಕಕ್ಕೆ ಪೂರ್ತಿ ಒಂದು ನಿಮಿಷ ಬೇಕು. ಕೊನೆಗೆ ಒಂದಿಷ್ಟು ಮೂತ್ರವನ್ನು ಕೊಳವೆಗೆ ಹಾಕಿ, ಯಂತ್ರದಲ್ಲಿ ಐದು ನಿಮಿಷ ಗಿರಗಿರ ತಿರುಗಿಸಿ, ಮೇಲಿನದನ್ನು ಚೆಲ್ಲಿ, ತಳದಲ್ಲಿ ಕೂತದ್ದರ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬರಿಗಣ್ಣಿಗೆ ಕಾಣದ ಕೆಂಪು ಕಣಗಳು ಅಲ್ಲಿ ಕಾಣುತ್ತವೆ. ಆದರೆ ನಮ್ಮ ತಿರುಗಿಸುವ ಯಂತ್ರ ಒಂದು ತಿಂಗಳಿಂದ ನರಳುತ್ತಿತ್ತು. ಎಂಟು ಕೊಳವೆ ಇಡುವಲ್ಲಿ ನಾಲ್ಕಿಟ್ಟರೆ ಮಾತ್ರ ಓಡುತ್ತಿತ್ತು. ಹಾಗಾಗಿ ನನಗೆ ನಾನೇ ಒಂದು ಕಾನೂನು ಮಾಡಿಕೊಂಡಿದ್ದೆ. ಕದಡಿದ್ದನ್ನು, ಬಣ್ಣ ಕೆಟ್ಟದ್ದನ್ನು ತಿರುಗಿಸುವುದು. ತಿಳಿಯಾಗಿದ್ದರೆ ಪಟ್ಟಿ ಅದ್ದಿ, ಒಂದು ಕಣ್ಣಾಡಿಸಿ, ‘ಕೆಂಪು ಕಣ ಇಲ್ಲ’ ಎಂದು ಬರೆದು ಮುಂದಕ್ಕೆ ಹೋಗುವುದು. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಆ ಗುರುವಾರ ಒಬ್ಬ ಹಿರಿಯ ಬಂದಿದ್ದ. ಅರವತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಹಣೆ ತುಂಬ ಭಂಡಾರದ ಅರಿಶಿನ. ಕುರಿ ಕಾಯುವವರ ಮನೆಯವನು, ಬೀರೋಬ ದೇವರ ಪೂಜೆ ಅವರ ಮನೆತನದ್ದು ಎಂದು ಆಮೇಲೆ ತಿಳಿಯಿತು. ಕೆಮ್ಮಿನ ಔಷಧದ ಹಳೆಯ ಬಾಟಲಿಯನ್ನು ತೊಳೆದು, ಅದರಲ್ಲಿ ಮೂತ್ರ ತಂದಿದ್ದ. ಊರ ಡಾಕ್ಟರ ಚೀಟಿಯಲ್ಲಿ ಮೂತ್ರ ಪರೀಕ್ಷೆ ಎಂದಷ್ಟೇ ಇತ್ತು, ಯಾಕೆ ಎಂದು ಇರಲಿಲ್ಲ. ಮೂತ್ರ ಹಳ್ಳದ ನೀರಿನಷ್ಟು ತಿಳಿಯಾಗಿತ್ತು. ಪಟ್ಟಿ ಅದ್ದಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಇನ್ನಾರೋ ರಕ್ತ ತೆಗೆಸಿಕೊಳ್ಳಲು ಕೈ ಚಾಚಿದರು. ಚೌಕ ಹಳದಿಯಾಗಿಯೇ ಇದೆ ಎಂದುಕೊಂಡು ಪಟ್ಟಿಯನ್ನು ಬುಟ್ಟಿಗೆ ಎಸೆದೆ. ರಿಪೋರ್ಟಿನಲ್ಲಿ ‘ಇಲ್ಲ’ ಎಂದು ಬರೆದೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಹೋದ. ನನಗೆ ಅವತ್ತು ಅದು ನಗು ತರಿಸಿತ್ತು.

ದಸರೆಯ ಹಿಂದಿನ ವಾರ ಅವನು ಮತ್ತೆ ಬಂದ, ಈ ಸಲ ಸೊಸೆಯೂ ಜೊತೆಗಿದ್ದಳು. ಚೀಟಿಯಲ್ಲಿ ಈಗ ‘ಕಲ್ಲು ಇದೆಯೇ ನೋಡಿ’ ಎಂದಿತ್ತು. ನಮ್ಮ ಸೀಮೆಯಲ್ಲಿ ಬಿಸಿಲೂ ಹೆಚ್ಚು, ಸವಳು ನೀರೂ ಹೆಚ್ಚು. ಹತ್ತು ಜನರಲ್ಲಿ ಒಬ್ಬಿಬ್ಬರು ಮೂತ್ರದ ಕಲ್ಲಿನವರೇ ಬರುತ್ತಾರೆ, ಹೀಗಾಗಿ ಯಾರಿಗೆ ಏನೇ ಆದರೂ ಮೊದಲು ಕಲ್ಲೆಂದೇ ಬರೆಯುತ್ತಾರೆ. ಬಾಟಲಿಯಲ್ಲಿದ್ದದ್ದು ಹಿಂದಿನ ಸಲದಂತೆಯೇ ತಿಳಿ. ನಾನೂ ಹಿಂದಿನ ಸಲದಂತೆಯೇ ಪಟ್ಟಿ ಅದ್ದಿದೆ, ಬರೆದೆ, ಬಾಟಲಿಯನ್ನು ಬಿಸಾಡುವ ತಟ್ಟೆಗೆ ಸರಿಸಿದೆ.

ಮಧ್ಯಾಹ್ನ ಸೊಸೆ ರಿಪೋರ್ಟ್ ಒಯ್ಯಲು ಒಳಗೆ ಬಂದಳು. ಮಾವ ಹೊರಗೆ ಬೀಡಿ ಸೇದುತ್ತ ಕೂತಿದ್ದ. ಅವಳು ಮರಾಠಿ ಸಾಲಿ ಓದಿದವಳು, ರಿಪೋರ್ಟಿನ ಅಂಕಿಗಳ ಮೇಲೆ ಬೆರಳಿಟ್ಟು ಓದಿ ಖುಷಿಯಾದಳು. ಹುಡುಗಿಗೆ ಮಾತು ಬಹಳ. ಮಾವನ ಔಷಧ ಹತ್ತಿತೆಂದು ಹೇಳಿದಳು. ಏನು ಔಷಧ ಎಂದು ನಾನು ಬಾಟಲಿಗಳಿಗೆ ಚೀಟಿ ಅಂಟಿಸುತ್ತ, ಕೇಳಬೇಕಲ್ಲ ಎಂದು ಕೇಳಿದೆ. ಕುರಿಗಳು ಕೆಂಪು ಮೂತ್ರ ಹೊಯ್ದರೆ ಅವರು ಯಾವುದೋ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾರಂತೆ. ಮಾವ ಅದನ್ನೇ ತಾನೂ ಕುಡಿದನಂತೆ. ಮೂರು ದಿನಕ್ಕೆ ನಿಂತಿತಂತೆ. ಬೇಸಿಗೆಯಲ್ಲಿ ಒಮ್ಮೆ, ಶ್ರಾವಣದಲ್ಲಿ ಒಮ್ಮೆ, ಈಗ ಒಮ್ಮೆ, ಮೂರು ಸಲವೂ ಹಾಗೆಯೇ ನಿಂತಿತಂತೆ.

ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟೆ. ಕೆಂಪಾಗಿದ್ದಾಗ ಯಾಕೆ ತರಲಿಲ್ಲ ಎಂದೆ.

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಕೆಂಪ ಇದ್ದಾಗ ಹೆಂಗ ತರೂದ್ರಿ ಅಕ್ಕಾರ? ರಗತ ಹೋಗಾಕತ್ತಿದ್ರ ಮಾಮಾ ದೇವರ ಗುಡಿ ಕಟ್ಟೀನೂ ಹತ್ತಂಗಿಲ್ಲ. ಮಂದಿ ಮುಂದ ಹಿಡಕೊಂಡ ಬರೂದಂದ್ರ! ಮೂರ ದಿನಾ ತಡದ, ಸ್ವಚ್ಛ ಆದ ಮ್ಯಾಲ ತಂದೀವಿ.”

ಇವರು ಪರೀಕ್ಷೆಗೆಂದು ಒಳ್ಳೆಯ ಮೂತ್ರ ಆರಿಸಿ ತಂದಿದ್ದರು. ಒಳ್ಳೆಯದನ್ನು ನಾನು ನೋಡುತ್ತಿರಲಿಲ್ಲ.

ಅವಳನ್ನು ಕೂರಿಸಿ ಕೇಳತೊಡಗಿದೆ. ನೋವಿತ್ತೇ? ಇರಲಿಲ್ಲ. ಉರಿ, ಚಳಿಜ್ವರ? ಯಾವುದೂ ಇಲ್ಲ. ಕಲ್ಲಿನವರನ್ನು ನಾನು ದಿನಾ ನೋಡುತ್ತೇನೆ, ಸೊಂಟ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಾರೆ. ಇವನು ಮೂರು ದಿನ ರಕ್ತ ಹೊಯ್ಯುತ್ತ ಕುರಿಗಳ ಹಿಂದೆ ನಡೆದಿದ್ದಾನೆ. ಬಿಸಾಡುವ ತಟ್ಟೆಯಿಂದ ಅವನ ಬಾಟಲಿಯನ್ನು ಹುಡುಕಿ ತೆಗೆದೆ. ತಂದು ನಾಲ್ಕು ತಾಸಾಗಿತ್ತು. ಎರಡು ತಾಸಿನೊಳಗೆ ನೋಡಬೇಕೆಂಬುದು ನಿಯಮ, ಆದರೂ ಬಿಡಲಿಲ್ಲ. ಹೊಸ ಪಟ್ಟಿ ಅದ್ದಿ ಗಡಿಯಾರ ನೋಡುತ್ತ ನಿಂತೆ. ಅರ್ಧ ನಿಮಿಷ ಏನೂ ಇಲ್ಲ. ನಲವತ್ತು ದಾಟಿದ ಮೇಲೆ ಹಳದಿ ಚೌಕದಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆಗಳು ಒಂದೊಂದಾಗಿ ಎದ್ದವು. ಯಂತ್ರದಲ್ಲಿ ತಿರುಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹತ್ತು ಕಡೆ ಸರಿಸಿ ಎಣಿಸಿದೆ. ಒಂದೊಂದು ಕಡೆಯೂ ಎಂಟು, ಹತ್ತು ಕೆಂಪು ಕಣಗಳು. ಕಲ್ಲಿನ ಹರಳಿಲ್ಲ, ಕೀವಿಲ್ಲ.

ನಮ್ಮ ರಿಪೋರ್ಟುಗಳಿಗೆ ಸಹಿ ಹಾಕುವ ಡಾಕ್ಟರು ಸೊಲ್ಲಾಪುರದಲ್ಲಿರುತ್ತಾರೆ. ಫೋನು ಮಾಡಿದೆ. ಅವರು ಸಮಾಧಾನದ ಮನುಷ್ಯ. ಐವತ್ತು ದಾಟಿದವರಲ್ಲಿ ನೋವಿಲ್ಲದೆ ರಕ್ತ ಹೋದರೆ, ಬೇರೆ ಏನೋ ಎಂದು ಖಾತ್ರಿಯಾಗುವ ತನಕ ಗಡ್ಡೆ ಎಂದೇ ಹುಡುಕಬೇಕು, ಅದು ಮೂತ್ರಕೋಶದಲ್ಲೂ ಇರಬಹುದು, ಮೂತ್ರಪಿಂಡದಲ್ಲೂ ಇರಬಹುದು ಎಂದರು. ಮೂತ್ರಪಿಂಡದ ಕ್ಯಾನ್ಸರು ಶುರುವಿನಲ್ಲಿ ಬಾಯಿ ಬಿಡುವುದೇ ಇಲ್ಲ, ಬಹಳ ಮಂದಿಗೆ ಬೇರೆ ಯಾವುದಕ್ಕೋ ಸೋನೋಗ್ರಫಿ ಮಾಡಿಸಿದಾಗ ಸಿಗುತ್ತದೆ. ರಕ್ತ ಬಂದರೂ ತಾನಾಗಿ ನಿಲ್ಲುತ್ತದೆ, ತಿಂಗಳುಗಟ್ಟಲೆ ಬರುವುದಿಲ್ಲ. ಪಕ್ಕೆಯಲ್ಲಿ ಗಂಟು ಕೈಗೆ ಹತ್ತಿ, ಮೈ ಇಳಿದು, ಕಾರಣವಿಲ್ಲದ ಜ್ವರ ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ಮೊದಲ ರಿಪೋರ್ಟು ಹೇಗಿತ್ತು ಎಂದು ಅವರು ಕೇಳಿದರು. ಕೆಂಪು ಕಣ ಇಲ್ಲ ಎಂದು ಬರೆದಿದೆ ಎಂದೆ. ನೋಡಿರಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಸೊಸೆಯ ಕೈಯಿಂದ ರಿಪೋರ್ಟು ಇಸಿದುಕೊಂಡು ಹೊಸದು ಬರೆದುಕೊಟ್ಟೆ. ಲ್ಯಾಬಿನ ಎರಡು ಬಾಟಲಿ ಕೊಟ್ಟು, ಇನ್ನೊಮ್ಮೆ ಕೆಂಪಾದರೆ ಅದೇ ದಿನ, ಕೆಂಪಾದದ್ದನ್ನೇ ತರಬೇಕೆಂದು ಎರಡೆರಡು ಸಲ ಹೇಳಿದೆ. ಕ್ಯಾನ್ಸರೆಂಬ ಮಾತು ಆಡಲಿಲ್ಲ. ಅದು ನಾನು ಆಡುವ ಮಾತಲ್ಲ. ಆದರೂ ಅವಳ ಮುಖ ಸಣ್ಣದಾಯಿತು.

ದಸರೆ ಮುಗಿಯಿತು. ಯಾರೂ ಬರಲಿಲ್ಲ. ನಾನು ದಿನಾ ಬೆಳಿಗ್ಗೆ ಬಾಗಿಲು ತೆಗೆದವಳೇ ಸರತಿಯಲ್ಲಿ ಕಂಬಳಿ ಹುಡುಕುತ್ತಿದ್ದೆ. ರಕ್ತ ಬರಲಿ ಎಂದು ಕಾಯುವುದಾಯಿತು, ಎಂಥ ಕರ್ಮ! ಯಂತ್ರ ರಿಪೇರಿಯಾಗಿ ಬಂತು, ಎಲ್ಲ ಮೂತ್ರವನ್ನೂ ತಿರುಗಿಸತೊಡಗಿದೆ, ದಿನದ ಕೆಲಸ ಎರಡು ತಾಸು ಹೆಚ್ಚಾಯಿತು. ಸಂಜೆ ಬಸ್ಸಿನಲ್ಲಿ ಕಾಲು ಜಗ್ಗುತ್ತಿದ್ದವು. ಮನೆಗೆ ಹೋದರೆ ಒಲೆ ಹಚ್ಚಲೂ ಬೇಸರ. ಅವರು ಬಂದುಹೋದ ಮೇಲೆ ಎರಡು ವಾರ ಕಾದು, ಸೊಸೆ ಬರೆಸಿದ್ದ ನಂಬರಿಗೆ ಫೋನು ಮಾಡಿದೆ. ಹಿರಿಯನೇ ಎತ್ತಿದ. ತ್ರಾಸ ಏನೂ ಇಲ್ಲ, ಗಟ್ಟಿಯಾಗಿದ್ದೇನೆ, ದೀಪಾವಳಿಗೆ ಹುಲಜಂತಿಯ ಜಾತ್ರೆಗೆ ಹೋಗಿ ಬಂದು ಮೂರನೆಯ ದಿನಕ್ಕೆ ಹಿಂಡು ಹೊಡೆದುಕೊಂಡು ಹೊರಡುತ್ತೇವೆ ಎಂದ. ತಿರುಗಿ ಬರುವುದು ಮಳೆ ಬಿದ್ದ ಮೇಲೆ.

ಮಳೆ ಬೀಳುವುದೆಂದರೆ ಏಳು ತಿಂಗಳು. ಹೊಲದಿಂದ ಹೊಲಕ್ಕೆ ಹೋಗುವವನನ್ನು ಎಲ್ಲಿ ಹುಡುಕುವುದು? ಮೂತ್ರ ಕೆಂಪಾದರೆ ಬೇರು ಅರೆದು ಕುಡಿಯುತ್ತಾನೆ, ಮೂರು ದಿನಕ್ಕೆ ನಿಲ್ಲುತ್ತದೆ, ಗುಣವಾಯಿತೆಂದು ಮುಂದಿನ ಊರಿಗೆ ನಡೆಯುತ್ತಾನೆ. ಈ ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವತ್ತೇ ತೀರ್ಮಾನಿಸಿದೆ. ಕೆಂಪು ಮೂತ್ರಕ್ಕೆ ಕಾಯುವುದು ಬೇಡ. ಸಾಕ್ಷಿ ಬೇಕೆಂದು ಕೂತರೆ ಮನುಷ್ಯ ಕೈ ತಪ್ಪುತ್ತಾನೆ. ಸಹಿಯ ಡಾಕ್ಟರಿಂದ ಸೋನೋಗ್ರಫಿಗೆ ಚೀಟಿ ಬರೆಸಿಕೊಂಡೆ, ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ನನ್ನ ಮನೆಗೆ ಹತ್ತಿರವಿದ್ದ ಒಂದು ಕಡೆ ದಿನ ಗೊತ್ತು ಮಾಡಿದೆ. ಒಂದು ದಿನ ರಜೆ ಹಾಕಿ ಅವನ ಊರಿಗೆ ಹೋದೆ.

ಅವನು ಹಟ್ಟಿಯಲ್ಲಿ ಕುರಿಗಳ ಗೊರಸು ನೋಡುತ್ತಿದ್ದ. ಪಟ್ಟಣದಿಂದ ಬಾಯಾರು ಬಂದಾರೆಂದು ಕಂಬಳಿ ಹಾಸಿದ, ಚಹ ತರಿಸಿದ, ಆದರೆ ಸೊಲ್ಲಾಪುರದ ಮಾತೆತ್ತಿದರೆ ನಕ್ಕು ತಲೆಯಾಡಿಸಿದ. ನಿಂತಿದೆಯಲ್ಲ ಎಂಬುದು ಅವನ ಒಂದೇ ಉತ್ತರ. ನನಗೆ ಸಿಟ್ಟು ಬಂತು. ಮೂರು ಸಲ ಕೆಂಪು ಹೊಯ್ದು ಮೂರು ಸಲವೂ ನಿಂತ ಕುರಿಯನ್ನು ಚೆನ್ನಾಗಿದೆ ಎಂದು ನೀವು ಇನ್ನೊಬ್ಬರಿಗೆ ಕೊಡುತ್ತೀರಾ ಎಂದು ಕೇಳಿದೆ.

“ನಾ ಏನ ಕುರಿ ಏನ್ರಿ?” ಎಂದ.

“ಕುರಿ ಔಷಧಾ ಕುಡದಾವ್ರು ನೀವ, ಕಾಕಾ. ಅದಕ್ಕ ಕುರಿ ಲೆಕ್ಕದಾಗ ಕೇಳಾಕತ್ತೀನಿ.”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನು ನಗಲಿಲ್ಲ. ಕೈಯಲ್ಲಿದ್ದ ಕುರಿಯ ಕಾಲನ್ನು ಬಿಟ್ಟು ಬಹಳ ಹೊತ್ತು ಹಿಂಡಿನ ಕಡೆ ನೋಡಿದ. ಅಂಥ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟಿ ಕಣ್ಣಿಡುತ್ತೇವೆ ಎಂದು ಕೊನೆಗೆ ಒಪ್ಪಿಕೊಂಡ. ಒಂದೇ ದಿನ ಬರುತ್ತೇನೆ, ಎರಡನೆಯ ದಿನ ಕರೆಯಬಾರದು ಎಂದು ಕರಾರು ಹಾಕಿದ.

ಗೊತ್ತು ಮಾಡಿದ ಸೋಮವಾರ ಮಾವ, ಸೊಸೆ ಇಬ್ಬರೂ ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ಇಳಿದರು. ಸೋನೋಗ್ರಫಿಗೆ ಮೂತ್ರ ತುಂಬಿರಬೇಕು, ನೀರು ಕುಡಿದು ತಡೆದುಕೊಂಡು ಬನ್ನಿ ಎಂದು ಹೇಳಿದ್ದೆ. ಅಕ್ಕಲಕೋಟೆ ದಾಟುವಾಗಲೇ ಅವನಿಗೆ ತಡೆಯುವುದು ಕಷ್ಟವಾಗಿತ್ತಂತೆ. ಇಳಿದವನೇ ನನಗೆ ಮುಖ ತೋರಿಸದೆ ಮೂತ್ರಾಲಯದ ಕಡೆ ಓಡಿದ. ಹೋಯಿತು, ಇನ್ನೆರಡು ತಾಸು ಕಾಯಬೇಕಾಯಿತು ಎಂದು ನಾನು ಸೊಸೆಯ ಮೇಲೆ ಹರಿಹಾಯ್ದೆ. ಅವನು ಹೊರಗೆ ಬರಲು ತಡಮಾಡಿದ. ಬಂದಾಗ ತಲೆಯಲ್ಲಿ ರುಮಾಲಿರಲಿಲ್ಲ. ರುಮಾಲಿನಲ್ಲಿ ಏನನ್ನೋ ಸುತ್ತಿ ಹಿಡಿದಿದ್ದ. ಸುತ್ತಲೂ ನೋಡಿ, ನನ್ನ ಕೈಗೆ ಕೊಟ್ಟ. ಬಿಚ್ಚಿದೆ. ಲ್ಯಾಬಿನ ಬಾಟಲಿ, ಅರ್ಧದವರೆಗೆ ಕೆಂಪು.

“ಹಿಡ್ಯಾಕ ಹೇಳಿದ್ರಲ್ರಿ,” ಎಂದ. ಕಣ್ಣು ನೆಲದ ಮೇಲಿತ್ತು.

ಪೂಜೆ ಮಾಡುವ ಕೈಯಿಂದ ಅದನ್ನು ಹಿಡಿದು ತಂದದ್ದು ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತಾಯಿತು. ಸಿಟ್ಟು ಮಾಡಿದ್ದಕ್ಕೆ ನಾಚಿಕೆಯಾಯಿತು.

ಸೋನೋಗ್ರಫಿಯ ಡಾಕ್ಟರು ಮೊದಲು ಎಡಗಡೆ ನೋಡಿದರು, ಮೂತ್ರಕೋಶ ನೋಡಿದರು, ಬಲಗಡೆಗೆ ಬಂದು ನಿಂತರು. ಯಂತ್ರವನ್ನು ಪಕ್ಕೆಯ ಮೇಲೆ ಒತ್ತಿ, ತಿರುಗಿಸಿ, ಮತ್ತೆ ಅದೇ ಜಾಗಕ್ಕೆ ಬಂದರು. ಪರದೆಯ ಮೇಲೆ ನನಗೆ ಅಷ್ಟಾಗಿ ಓದಲು ಬರುವುದಿಲ್ಲ. ಆದರೆ ಅಳತೆಯ ಗೆರೆ ಎಳೆಯುವುದು ಕಂಡಿತು, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಏನೂ ಇಲ್ಲದಿದ್ದರೆ ಅಳೆಯುವುದಿಲ್ಲ. ಬಲ ಮೂತ್ರಪಿಂಡದ ನಡುವಿನಲ್ಲಿ ಗಟ್ಟಿ ಗಡ್ಡೆ, ನಿಂಬೆಹಣ್ಣಿಗಿಂತ ದೊಡ್ಡದು. ನೀರು ತುಂಬಿದ ಗುಳ್ಳೆಯಾಗಿದ್ದರೆ ಚಿಂತೆಯಿರಲಿಲ್ಲ, ಇದು ಹಾಗಿಲ್ಲ, ಸಿ.ಟಿ. ಆಗಲೇಬೇಕು ಎಂದರು. ಸಿ.ಟಿ.ಗೆ ನರದಲ್ಲಿ ಔಷಧ ಬಿಡುತ್ತಾರೆ, ಅದಕ್ಕೆ ಮೊದಲು ಮೂತ್ರಪಿಂಡ ತಡೆದೀತೇ ಎಂದು ರಕ್ತ ಪರೀಕ್ಷೆ ಮಾಡಬೇಕು. ಅಂದರೆ ಎರಡನೆಯ ದಿನ. ಕರಾರು ಮುರಿಯಿತು. ಆ ರಾತ್ರಿ ಇಬ್ಬರೂ ನಮ್ಮ ಮನೆಯಲ್ಲೇ ಉಳಿದರು.

ಸಿ.ಟಿ.ಯಲ್ಲಿ ಗಡ್ಡೆ ಮೂತ್ರಪಿಂಡದ ಒಳಗೇ ಇದೆ, ರಕ್ತನಾಳಕ್ಕಾಗಲಿ ಪುಪ್ಪುಸಕ್ಕಾಗಲಿ ಹೋಗಿಲ್ಲ ಎಂದು ಬಂತು. ಶಸ್ತ್ರಚಿಕಿತ್ಸೆಯ ಡಾಕ್ಟರು ಪೂರ್ತಿ ಮೂತ್ರಪಿಂಡವನ್ನೇ ತೆಗೆಯಬೇಕೆಂದರು. ಗಡ್ಡೆ ಸಣ್ಣದಿದ್ದು ಅಂಚಿನಲ್ಲಿದ್ದರೆ ಅಷ್ಟೇ ಭಾಗ ಕೊಯ್ದು ಉಳಿದದ್ದನ್ನು ಉಳಿಸಬಹುದಂತೆ, ಇದು ನಡುವಿನಲ್ಲಿ ಬೆಳೆದಿದೆ. ಶ್ರಾವಣದಲ್ಲೇ ಸಿಕ್ಕಿದ್ದರೆ ಎಂದು ನಾನು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ, ಕೆಲವು ನಿಧಾನ ಬೆಳೆಯುತ್ತವೆ, ಕೆಲವು ಬೇಗ ಎಂದರು. ಆಮೇಲೆ ನನ್ನನ್ನು ನೋಡಿ, ಸರಿಯಾದ ಹೊತ್ತಿಗೆ ತಂದಿದ್ದೀರಿ ಎಂದು ಹೊಗಳಿದರು. ನಾನು ಚೀಟಿ ಎತ್ತಿಕೊಂಡು ಹೊರಗೆ ಬಂದೆ.

ದೀಪಾವಳಿಗೆ ಮುಂಚೆಯೇ ಶಸ್ತ್ರಚಿಕಿತ್ಸೆಯಾಯಿತು. ಅವನು ಹುಲಜಂತಿಗೆ ಹೋಗಲಿಲ್ಲ. ಹಿಂಡನ್ನು ಅವನ ತಮ್ಮ ಹೊಡೆದುಕೊಂಡು ಹೋದ. ತೆಗೆದ ಮೂತ್ರಪಿಂಡದ ರಿಪೋರ್ಟಿನಲ್ಲಿ ಕ್ಯಾನ್ಸರೆಂದು ಖಾತ್ರಿಯಾಯಿತು, ಹೊರಗೆ ಹರಡಿಲ್ಲ ಎಂದೂ ಬಂತು. ಬೇರೆ ಔಷಧ ಬೇಡ, ಇಷ್ಟಿಷ್ಟು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಿರಬೇಕು, ಬೀಡಿ ಬಿಡಬೇಕು. ಮೂರನೆಯ ದಿನ ಎದ್ದು ಓಡಾಡಿದ ಎಂದು ಸೊಸೆ ಫೋನಿನಲ್ಲಿ ಹೇಳಿದಳು. ನಾನು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅತ್ತೆ. ಸಮಾಧಾನಕ್ಕೋ, ದಣಿವಿಗೋ, ಅದೂ ಗೊತ್ತಾಗಲಿಲ್ಲ.

ಎರಡು ತಿಂಗಳಾದ ಮೇಲೆ ಅವನು ಲ್ಯಾಬಿಗೆ ಬಂದ. ಉಳಿದ ಒಂದು ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ರಕ್ತ ಪರೀಕ್ಷೆಗೆ. ಸೊಸೆ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಳು. ಅವನು ಕುರ್ಚಿಯಲ್ಲಿ ಕೂತು ತೋಳು ಚಾಚಿ, ಬಾಯಾರಿಲ್ಲದಿದ್ದರೆ ನಾನು ಇಷ್ಟೊತ್ತಿಗೆ ಮಣ್ಣಾಗಿರುತ್ತಿದ್ದೆ ಎಂದು ಸರತಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ. ರಕ್ತ ತೆಗೆದೆ. ಸೂಜಿ ಎಳೆದು ಹತ್ತಿ ಒತ್ತಿದೆ. ಇನ್ನು ತಡೆದುಕೊಳ್ಳಲು ಆಗಲಿಲ್ಲ.

“ಕಾಕಾ, ಶ್ರಾವಣದಾಗ ನೀವು ತಂದಿದ್ರಲ್ಲ ಲಘವಿ, ಅದನ್ನ ನಾ ನೋಡಿದ್ದಿಲ್ಲ. ನೋಡದನ ರಗತ ಇಲ್ಲ ಅಂತ ಬರದ ಕೊಟ್ನಿ. ಎರಡನೇ ಸಲಾನೂ ಹಂಗ ಮಾಡಿದ್ನಿ. ನಿಮ್ಮ ಸೊಸಿ ಮಾತಾಡಿದ ಮ್ಯಾಲ ನೋಡೀನಿ.”

ಸೊಸೆ ನನ್ನ ಮುಖ ನೋಡಿದಳು, ಮಾವನ ಮುಖ ನೋಡಿದಳು. ಅವನು ಹತ್ತಿಯನ್ನು ಬೆರಳಿನಿಂದ ಒತ್ತಿಕೊಂಡು ಕೂತ. ಬೈದರೆ ಬೈಸಿಕೊಳ್ಳಲು ನಾನು ತಯಾರಾಗಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

“ಆವತ್ತ ನನ್ನ ಮುಂದ, ಹಿಂದ ಭಾಳ ಮಂದಿ ನಿಂತಿದ್ರಲ್ರಿ ಬಾಯಾರ,” ಎಂದ. “ಅವ್ರದ ನೋಡೀರೇನ?”

ಅವನು ಉತ್ತರಕ್ಕೆ ಕಾಯಲಿಲ್ಲ. ಕಂಬಳಿ ಹೆಗಲಿಗೇರಿಸಿ, ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದ.

ಅವತ್ತು ಸರತಿ ಮುಗಿದ ಮೇಲೆ ಸಹಿಯ ಡಾಕ್ಟರಿಗೆ ಫೋನು ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. ಅವರು, ಎಲ್ಲರನ್ನೂ ಕರೆಸಿ ಮತ್ತೆ ಮಾಡಿರಿ ಎಂದಷ್ಟೇ ಹೇಳಿ ಇಟ್ಟರು. ಯಂತ್ರ ಕೆಟ್ಟಿದ್ದ ತಿಂಗಳುಗಳ ರಿಜಿಸ್ಟರು ತೆಗೆದೆ. ಮೊದಲು ನಲವತ್ತೈದು ದಾಟಿದವರು, ಮೂತ್ರ ತಿಳಿಯಾಗಿದೆ ಎಂದು, ಕೆಂಪು ಕಣ ಇಲ್ಲ ಎಂದು ನಾನು ಬರೆದಿದ್ದವರು. ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಒಂದು ಪುಟ ತುಂಬಿತು, ಎರಡು ತುಂಬಿತು. ಮೈಯೆಲ್ಲ ಹೈರಾಣಾಗಿತ್ತು, ಐದೂವರೆಯ ಬಸ್ಸು ಹೋಗಿತ್ತು. ಫೋನು ಎತ್ತಿಕೊಂಡು ಮೊದಲನೆಯ ನಂಬರು ಒತ್ತಿದೆ. ಒಬ್ಬ ಹೆಣ್ಣುಮಗಳು ಮಾತಾಡಿದಳು. ಲ್ಯಾಬಿನಿಂದ ಎಂದೆ, ಅವಳ ಗಂಡನ ಹೆಸರು ಹೇಳಿದೆ.

“ಅವ್ರ ರಿಪೋರ್ಟ್ ಚೊಲೋ ಬಂದಿತ್ತಲ್ರಿ,” ಎಂದಳು. “ನೀವ ಕೊಟ್ಟಿದ್ರಿ.”

“ಹೌದ್ರಿ, ನಾನ ಕೊಟ್ಟಿದ್ನಿ,” ಎಂದೆ. “ಅದನ್ನ ನಂಬಬ್ಯಾಡ್ರಿ. ನಾಳೆ ಅವ್ರನ್ನ ಕರಕೊಂಡ ಬರ್ರಿ.”